ನಮ್ಮ ಟೆರೇಸಿನ ನೀರು ಎಲ್ಲಿಗೆ ಹೋಗುತ್ತದೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ಅದಲುಬದಲಾಗಿರಬಹುದು. ಆ ದಿನ ಭಾನುವಾರ ಎಂದೇ ನನ್ನ ನೆನಪು; ಡೈರಿ ತೆರೆದು ನೋಡಿದರೆ ಗುರುವಾರದ ಪುಟದಲ್ಲಿದೆ. ಗುರುವಾರ ನಾನು ಕಾಲೇಜಿಗೆ ಹೋಗದೆ ಮನೆಯಲ್ಲಿ ಏಕಿದ್ದೆ? ಯಾವುದೋ ರಜೆ ಇರಬೇಕು. ಬರೆದಿರುವುದೂ ಎರಡೇ ಸಾಲು: ‘ಮಧ್ಯಾಹ್ನ ಭಾರಿ ಮಳೆ. ನಸೀಮಾ ಮನೆಗೆ ನೀರು.’ ಏನಾದರೂ ನಡೆದ ದಿನ ನನ್ನ ಡೈರಿ ಹೀಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಏನೂ ನಡೆಯದ ದಿನ ಮೂರು ಪುಟ ತುಂಬಿರುತ್ತದೆ, ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ನನಗೆ ಏನೆಂದಳು ಎಂಬುದರ ಸಮೇತ. ಇತಿಹಾಸದಲ್ಲಿ ಎಂ.ಎ. ಮಾಡಿ, ಅಷ್ಟು ವರ್ಷ ಮಕ್ಕಳನ್ನು ‘ಇದಕ್ಕೆ ಆಧಾರ ಏನು?’ ಎಂದು ಗದರಿಸಿಕೊಂಡು ಬಂದವಳ ಸ್ವಂತ ಆಧಾರಗಳು ಇಷ್ಟು ಬಡಕಲಾಗಿರುವುದು ನಾಚಿಕೆಯ ವಿಷಯವೇ.

ಇದೆಲ್ಲ ಈಗ ಮೇಲೆದ್ದು ಬಂದದ್ದು ನನ್ನದೊಂದು ಅಭ್ಯಾಸದಿಂದ. ಮಳೆ ಶುರುವಾದರೆ ಜನ ಕಿಟಕಿಯ ಹತ್ತಿರ ಹೋಗುತ್ತಾರೆ, ಬಜ್ಜಿಯ ಮಾತೆತ್ತುತ್ತಾರೆ. ನಾನು ಬಚ್ಚಲುಮನೆಗೆ ಹೋಗುತ್ತೇನೆ. ಲೈಟು ಹಾಕಿ, ನೆಲದ ಮೂಲೆಯಲ್ಲಿರುವ ಜಾಲರಿಯನ್ನೇ ನೋಡುತ್ತಾ ನಿಲ್ಲುತ್ತೇನೆ. ಈಚೆಗೆ ಒಂದು ಸಂಜೆ ಹೀಗೆ ನಿಂತಿದ್ದಾಗ ಅಪ್ಪ ಹೊರಗಿನಿಂದ ಕೂಗಿದರು.

“ಪುಟ್ಟೀ, ಅಲ್ಲೇನು ಕಾಯ್ತಾ ನಿಂತಿದ್ದೀಯಾ? ಟಿನ್ ಫ್ಯಾಕ್ಟರಿ ಬಸ್ಸು ಆ ಕಡೆಯಿಂದ ಬರಲ್ಲ.”

ನನಗೆ ಐವತ್ತು ದಾಟಿದೆ. ಅಪ್ಪನಿಗೆ ಎಂಬತ್ತರ ಹತ್ತಿರ. ಮನೆಯಲ್ಲಿ ನಾವಿಬ್ಬರೇ, ಆದರೂ ನಾನು ಪುಟ್ಟಿಯೇ.

ಬಚ್ಚಲ ತೂತಿನ ಭಯ ನನಗೆ ಹೊಸದೇನಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ, ಬಚ್ಚಲಿನ ನೀರು ಗೋಡೆಯ ಬುಡದ ಒಂದು ತೂತಿನಿಂದ ಹಿತ್ತಿಲಿಗೆ ಹೋಗುತ್ತಿತ್ತು. ಅದರೊಳಗಿಂದ ಒಂದು ಕೈ ಬಂದು ನನ್ನ ಹಿಮ್ಮಡಿ ಹಿಡಿಯುತ್ತದೆ ಎಂದು ನಂಬಿದ್ದೆ. ತಲೆಗೆ ಸೀಗೆಪುಡಿ ಹಾಕಿಸಿಕೊಂಡು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಕಾಲನ್ನು ಮಣೆಯ ಮೇಲೆ ಎತ್ತಿಕೊಳ್ಳುತ್ತಿದ್ದೆ. ಅಮ್ಮ ಬೆನ್ನಿಗೊಂದು ಹಾಕಿ, “ನೀರು ಒಳಗಿಂದ ಹೊರಗೆ ಹೋಗುತ್ತೆ ಕಣೆ, ಹೊರಗಿಂದ ಒಳಗೆ ಬರುತ್ತಾ?” ಎನ್ನುತ್ತಿದ್ದಳು. ಹಾಗೆಂದಳೋ, ಅಥವಾ ಈಗಿನದೆಲ್ಲ ಆದ ಮೇಲೆ ನಾನೇ ಅವಳ ಬಾಯಿಗೆ ಆ ಮಾತು ಹಾಕಿದ್ದೇನೋ, ಖಚಿತವಿಲ್ಲ.

ಆ ಕ್ವಾರ್ಟರ್ಸಿನ ಅಂಗಳ ಪೂರ್ತಿ ಮಣ್ಣು. ಎಂಥ ಮಳೆ ಬಂದರೂ ಮರುದಿನ ಸೈರನ್ ಕೂಗುವ ಹೊತ್ತಿಗೆ ನೀರು ಎಲ್ಲೋ ಮಾಯ. ಎಲ್ಲಿಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ಉಳಿಯುತ್ತಿದ್ದದ್ದು ಕೆಸರು ಮತ್ತು ಎರೆಹುಳು. ನನಗೆ ಎರೆಹುಳುವಿನ ಭಯ, ಅಮ್ಮನಿಗೆ ಕೆಸರಿನ ಕೋಪ. ಸೀರೆಯ ಅಂಚು ಕೆಂಪಾಗದ ಒಂದು ದಿನವನ್ನು ಅವಳು ಆ ಮನೆಯಲ್ಲಿ ಕಂಡಿರಲಿಲ್ಲ. ಹಾಗಾಗಿ ಹೊರಮಾವಿನ ಕಡೆ ನಮ್ಮದೇ ಸೈಟು ಸಿಕ್ಕು ಮನೆ ಏಳುವಾಗ ಅಮ್ಮ ಕೇಳಿದ್ದು ಒಂದೇ ಒಂದು: ಗೋಡೆಯಿಂದ ಗೋಡೆಗೆ ಸಿಮೆಂಟಿನ ಅಂಗಳ.

ಅಪ್ಪ ಹಾಕಿಸಿಕೊಟ್ಟರು. ತುಳಸಿಕಟ್ಟೆಯೊಂದನ್ನು ಬಿಟ್ಟರೆ ಬೆರಳಗಲ ಮಣ್ಣು ಉಳಿಯಲಿಲ್ಲ. ಅಂಗಳ ಗೇಟಿನ ಕಡೆಗೆ ಸಣ್ಣಗೆ ಇಳಿಜಾರು, ಬೀದಿ ಕೆರೆಯ ಕಡೆಗೆ ಇಳಿಜಾರು. ಅಮ್ಮ ದಿನಾ ಬೆಳಿಗ್ಗೆ ಎರಡು ಬಕೆಟ್ ನೀರು ಸುರಿದು, ಕಡ್ಡಿಪೊರಕೆಯಲ್ಲಿ ಸರ್ರನೆ ಗೇಟಿನಾಚೆಗೆ ತಳ್ಳಿ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದ ಠೀವಿ ನೋಡಬೇಕಿತ್ತು. ಹೊರಟ ನೀರಿಗೆ ಮುಂದೊಂದು ವಿಳಾಸ ಇರುತ್ತದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆ ವಿಳಾಸ ನಸೀಮಾಳದು. ನಮ್ಮಿಂದ ಆರು ಮನೆ ಕೆಳಗೆ, ಬೀದಿ ಮುಗಿದು ಕೆರೆಯ ಬೇಲಿ ಶುರುವಾಗುವಲ್ಲಿ ಅವರ ಮನೆ. ಗಂಡನಿಗೆ ಶಿವಾಜಿನಗರದಲ್ಲಿ ಬ್ಯಾಗುಗಳ ಅಂಗಡಿ. ಅಲ್ಲಿನ ಗಲ್ಲಿಯ ಒಂದೂವರೆ ಕೋಣೆಯಿಂದ ಗಾಳಿ ಬೆಳಕು ಬೇಕೆಂದು ಇಲ್ಲಿಗೆ ಬಂದವರು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಈಗ ಅವರ ಮನೆಗೆ ಎರಡು ಮೆಟ್ಟಿಲು ಇಳಿದು ಹೋಗಬೇಕು. “ನಿಮ್ಮಮ್ಮ ಬಾಗಿಲು ತೊಳೆದ್ರು ಅಂತ ನಮ್ಮ ಗೇಟ್ ಹತ್ರ ಗೊತ್ತಾಗ್ತಿತ್ತು ಅಕ್ಕಾ, ಗಡಿಯಾರನೇ ಬೇಕಿರ್ಲಿಲ್ಲ,” ಎಂದು ಅಮ್ಮ ತೀರಿಕೊಂಡ ಮೇಲೆ ಒಮ್ಮೆ ನಸೀಮಾ ನಕ್ಕಿದ್ದಳು. ಅವಳ ಅತ್ತೆ, ಎಲ್ಲರೂ ಅಮ್ಮೀ ಎನ್ನುವ ಮುದುಕಿ, ಸೊಂಟದ ಮೂಳೆ ಮುರಿದು ಕೆಳಗಿನ ಕೋಣೆಯಲ್ಲಿ ಮಲಗಿದ್ದಾರೆ. ಮೆಟ್ಟಿಲು ಹತ್ತಿಸುವ ಮಾತೇ ಇಲ್ಲ.

ಪೈಪಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಮನೆ ಕಟ್ಟಿದ ಹೊಸದರಲ್ಲಿ ಟೆರೇಸಿನ ಮಳೆನೀರು ನೇರ ಅಂಗಳಕ್ಕೆ ಬಿದ್ದು, ಪೋರ್ಟಿಕೋದಲ್ಲಿ ಸ್ಕೂಟರಿನ ಚಕ್ರ ಮುಳುಗುತ್ತಿತ್ತು. ಅಪ್ಪ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು, ಕೈಕೆಲಸದ ಹೆಮ್ಮೆ. ಟೆರೇಸಿನ ಪೈಪನ್ನು ತಿರುಗಿಸಿ ಗೇಟಿನ ಒಳಗಿನ ಚೇಂಬರಿಗೆ, ಅಂದರೆ ಕಕ್ಕಸು ಬಚ್ಚಲಿನ ನೀರೆಲ್ಲ ಸೇರಿ ಬೀದಿಯ ಒಳಚರಂಡಿಗೆ ಹೋಗುವ ಗುಂಡಿಗೆ, ಜೋಡಿಸಿಬಿಟ್ಟರು. “ಒಂದು ತೊಟ್ಟು ನಿಲ್ಲಲ್ಲ ನೋಡು ಇನ್ನು,” ಎಂದರು. ನಿಲ್ಲಲಿಲ್ಲ. ಮಳೆನೀರನ್ನು ಅಲ್ಲಿಗೆ ಬಿಡಬಾರದೆಂಬ ನಿಯಮ ಎಲ್ಲರಿಗೂ ಗೊತ್ತಿತ್ತು, ಬೀದಿಯ ಎಲ್ಲರೂ ಬಿಟ್ಟರು. ಆಗೆಲ್ಲ ಪಕ್ಕದ ಮನೆಯವರೂ ಅಪ್ಪನೂ ಈ ಉಪಾಯ ಮೊದಲು ಯಾರಿಗೆ ಹೊಳೆದದ್ದು ಎಂದು ಜಗಳವಾಡುತ್ತಿದ್ದರು. ಈಗ ಇಬ್ಬರೂ ಆ ಗೌರವವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ತಯಾರಿದ್ದಾರೆ.

ಆ ಗುರುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಸಾರಿನ ಪುಡಿಗೆಂದು ಅಮ್ಮನ ಹಳೆಯ ಸೀರೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರವಿ ಟೆರೇಸಿನಲ್ಲಿಟ್ಟೆ. ಅಮ್ಮನಾಗಿದ್ದರೆ ಗಂಟೆಗೊಮ್ಮೆ ಆಕಾಶ ನೋಡುತ್ತಿದ್ದಳು. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತು ಮರೆತೆ. ಊಟವಾಗಿ ಅಪ್ಪ ಮಲಗಿದ್ದರು. ಎರಡು ಗುಡುಗು, ಆಮೇಲೆ ಮಳೆ. ಮಳೆಯೆಂದರೆ ಹನಿಯಲ್ಲ, ಎದುರುಮನೆ ಕಾಣಿಸದ ಹಾಗೆ ಇಳಿಬಿಟ್ಟ ಒಂದು ಬೂದು ಗೋಡೆ. ಅರ್ಧ ಗಂಟೆಯಲ್ಲಿ ನಸೀಮಾಳ ಫೋನು.

“ಅಕ್ಕಾ, ಸ್ವಲ್ಪ ಬನ್ನಿ ಅಕ್ಕಾ. ಇವ್ರು ಅಂಗಡೀಲಿ ಸಿಕ್ಕಾಕೊಂಡವ್ರೆ. ಒಳಗೆ ನೀರ್ ಬರ್ತಾ ಇದೆ, ಅಮ್ಮೀನ ನಾನೊಬ್ಳೇ ಎತ್ತಕ್ಕಾಗಲ್ಲ.”

ಆರು ಮನೆ ನಡೆಯಲು ಎಷ್ಟು ಹೊತ್ತು ಬೇಕು? ಅವತ್ತು ಮುಗಿಯಲೇ ಇಲ್ಲ. ಪ್ರತಿ ಗೇಟಿನ ಅಡಿಯಿಂದಲೂ ನೀರು ನುಗ್ಗಿ ಬಂದು ನನ್ನ ಕಾಲಿಗೆ ಬಡಿಯುತ್ತಿತ್ತು. ಒಂದೊಂದು ಮನೆಯೂ ತನ್ನ ಅಂಗಳವನ್ನು ಬೀದಿಗೆ ಬಗ್ಗಿಸಿ ಸುರಿಯುತ್ತಿರುವಂತೆ. ಕೆಳಗೆ ರಸ್ತೆಯೂ ಕೆರೆಯೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಎಲ್ಲಿ ಡಾಂಬರು ಮುಗಿದು ಎಲ್ಲಿ ಆಳ ಶುರುವಾಗುತ್ತದೆಂದು ಗೊತ್ತಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಸ್ಸು ಹಲಸೂರು ಕೆರೆಯ ಪಕ್ಕ ಹೋಗುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ಬಸ್ಸು ಮಗುಚಿದರೆ ಅಭ್ಯಾಸವಿರಲೆಂದು. ಅವತ್ತು ಗೋಡೆಗಳನ್ನು ಹಿಡಿದು ನಡೆಯುತ್ತಾ ನನಗೆ ತಿಳಿಯದೆಯೇ ಮತ್ತೆ ಹಾಗೆ ಮಾಡುತ್ತಿದ್ದೆ.

ಮುಂಬಾಗಿಲಿಗೆ ನಸೀಮಾ ಮರಳಿನ ಚೀಲ ಒಡ್ಡಿದ್ದಳು, ಅದು ಹೊರಗಿನ ನೀರನ್ನು ತಡೆದಿತ್ತು. ನೀರು ಬರುತ್ತಿದ್ದದ್ದು ಒಳಗಿನಿಂದ. ಬಚ್ಚಲುಮನೆಯ ಜಾಲರಿ ಕಿತ್ತು ಪಕ್ಕಕ್ಕೆ ಬಿದ್ದಿತ್ತು. ಆ ತೂತಿನಿಂದ ಗುಳುಗುಳು ಸದ್ದು ಮಾಡುತ್ತಾ ಕಪ್ಪು ನೀರು ಉಕ್ಕುತ್ತಿತ್ತು, ಕುದಿಯುವ ಪಾತ್ರೆಯ ಹಾಗೆ, ಆದರೆ ತಣ್ಣಗೆ. ವಾಸನೆಯ ಬಗ್ಗೆ ಬರೆಯುವುದಿಲ್ಲ. ಪಾದ ಮುಚ್ಚಿದ್ದ ನೀರು ನಾವು ನೋಡುತ್ತಿದ್ದಂತೆ ಮಂಚದ ಕಾಲನ್ನು ಏರುತ್ತಿತ್ತು. ಕರೆಂಟು ಹೋಗಿತ್ತು, ಮತ್ತೆ ಬಂದರೆ ಏನು ಗತಿ ಎಂಬ ಭಯಕ್ಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಒರೆಸಿ ಮೇನ್ ಸ್ವಿಚ್ ಇಳಿಸಿದೆ. ಹಾಸಿಗೆಯ ಸಮೇತ ಅಮ್ಮೀಯನ್ನು ಎಳೆದು, ಎತ್ತಿ, ಮಂಚದ ಪಕ್ಕದಲ್ಲೇ ಇದ್ದ ಊಟದ ಮೇಜಿನ ಮೇಲೆ ಮಲಗಿಸಿದೆವು.

“ಅರೇ, ಅಬ್ಬೀಚ್ ಉಠಾ ರೇ ಕ್ಯಾ? ಮೈ ಜಿಂದಾ ಹೂಂ!” ಎಂದರು ಅಮ್ಮೀ. ಈಗಲೇ ಎತ್ತಿಬಿಡುತ್ತೀರಾ, ಇನ್ನೂ ಬದುಕಿದ್ದೀನಲ್ಲ, ಎಂದು.

“ಗೊತ್ತು ಅಮ್ಮೀ, ಗೊತ್ತು,” ಎಂದಳು ನಸೀಮಾ ಏದುಸಿರು ಬಿಡುತ್ತಾ, ನನಗೂ ತಿಳಿಯಲೆಂದು ಕನ್ನಡದಲ್ಲಿ. “ಕಬ್ಬಿಣದ ಬೀರು ಥರ ಭಾರ ಇದ್ದೀರಿ. ಹೋದವ್ರು ಇಷ್ಟು ಮಾತಾಡಲ್ಲ.”

ನಕ್ಕೆವು. ಆಮೇಲೆ ಮಾಡುವುದಕ್ಕೇನೂ ಇರಲಿಲ್ಲ. ಮೇಜಿನ ಎರಡು ತುದಿ ಹಿಡಿದು ನಿಂತೆವು. ನೀರು ಮೊಣಕಾಲಿಗೆ ಬಂತು. ಮೇಜಿನ ಮೇಲಿಂದ ಅವರನ್ನು ಇನ್ನೆಲ್ಲಿಗೆ ಎತ್ತುವುದು ಎಂದು ಇಬ್ಬರೂ ಯೋಚಿಸುತ್ತಿದ್ದೆವು. ಅಮ್ಮೀ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಅರ್ಧ ಗಂಟೆ ನಿಂತಿದ್ದೆವು ಎನ್ನುತ್ತಾಳೆ ನಸೀಮಾ. ನನ್ನ ಲೆಕ್ಕದಲ್ಲಿ ಎರಡು ಗಂಟೆ.

ಆ ಹೊತ್ತಿನಲ್ಲಿಯೇ ಅದು ಬಂದದ್ದು. ಬಚ್ಚಲಿನ ಕಡೆಯಿಂದ, ಕಪ್ಪು ನೀರಿನ ಮೇಲೆ, ನಿಧಾನಕ್ಕೆ ತಿರುಗುತ್ತಾ ಒಂದು ಒಣಮೆಣಸಿನಕಾಯಿ. ಸುಕ್ಕುಸುಕ್ಕಾದ, ಗಾಢ ಕೆಂಪಿನ ಬ್ಯಾಡಗಿ. ನನ್ನ ಮಂಡಿಗೆ ತಾಗಿ ನಿಂತಿತು. ನಸೀಮಾ ಅಮ್ಮೀಯ ಮುಖ ನೋಡುತ್ತಿದ್ದಳು. ನಾನು ಏನೂ ಯೋಚಿಸಲಿಲ್ಲ, ಆಣೆಗೂ ಇಲ್ಲ. ಕಾಲಿನಿಂದ ಅದನ್ನು ಒತ್ತಿ ಮಂಚದ ಅಡಿಗೆ ತಳ್ಳಿಬಿಟ್ಟೆ.

ಮಳೆ ನಿಂತು, ನೀರು ಬಂದ ದಾರಿಯಲ್ಲೇ ಇಳಿದು, ನಸೀಮಾಳ ಗಂಡ ಬಂದ ಮೇಲೆ ನಾನು ಮನೆಗೆ ಹೋಗಿ ನೇರ ಟೆರೇಸು ಹತ್ತಿದೆ. ಸೀರೆ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿತ್ತು. ಪೈಪಿನ ಬಾಯಲ್ಲಿ ನಾಲ್ಕೈದು ಮೆಣಸಿನಕಾಯಿ ಸಿಕ್ಕಿಕೊಂಡಿದ್ದವು. ಉಳಿದವು ಇರಲಿಲ್ಲ.

ಈಗ ನನ್ನ ಒಳಗಿನ ಇತಿಹಾಸದ ಮೇಷ್ಟರಮ್ಮ ಕೇಳುತ್ತಾಳೆ: ಆಧಾರ ಏನು? ನಸೀಮಾಳ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲವೇ? ಬೀದಿಯಲ್ಲಿ ಬೇರೆ ಯಾರೂ ಒಣಗಿಸುವುದಿಲ್ಲವೇ? ಅಷ್ಟು ಕತ್ತಲಲ್ಲಿ ಕೆಂಪು ಬಣ್ಣ ಕಂಡಿತೇ? ಡೈರಿಯಲ್ಲಿ ಮೆಣಸಿನಕಾಯಿಯ ಸುದ್ದಿಯೇ ಇಲ್ಲ. ಆದರೆ ಕಂಡಿರದಿದ್ದರೆ ನನ್ನ ಕಾಲು ಏನನ್ನು ತಳ್ಳಿತು?

ಅಮ್ಮೀಗೆ ಮರುದಿನ ಜ್ವರ ಬಂತು, ಎದೆಗಿಳಿಯಿತು. ಆಸ್ಪತ್ರೆಯಿಂದ ಬರುವಾಗ ಅರ್ಧ ಆಗಿದ್ದರು, ಮಾತಂತೂ ಕಾಲು ಭಾಗ. “ಇನ್ನೊಂದ್ಸಲ ಹಿಂಗಾದ್ರೆ ಅಮ್ಮೀ ಉಳಿಯಲ್ಲ ಅಕ್ಕಾ,” ಎಂದಳು ನಸೀಮಾ. ದೂರಿನ ದನಿಯಲ್ಲಲ್ಲ. ನಾಳೆ ಹಾಲು ಬರಲ್ಲ ಎನ್ನುವ ಹಾಗೆ. ಅಲ್ಲಿಂದ ಮುಂದೆ ಒಂದೊಂದು ಮೋಡವೂ ನನಗೆ ಲೆಕ್ಕ.

ಕೆಲವು ವಾರದ ಮೇಲೆ ಬೀದಿಯವರೆಲ್ಲ ಒಬ್ಬರ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಸೇರಿದೆವು. ಕೆರೆಯ ಕೆಲಸದಲ್ಲಿ ಓಡಾಡುವ ಒಬ್ಬ ಹೆಂಗಸು ಬಂದಿದ್ದರು. ರಾಜಕಾಲುವೆ, ಸರ್ಕಾರ ಎಂದು ನಾವು ಸಿದ್ಧಮಾಡಿಕೊಂಡು ಹೋಗಿದ್ದ ಬೈಗುಳವನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ, “ಅದೆಲ್ಲ ಸರಿ. ನಿಮ್ಮ ನಿಮ್ಮ ಗೇಟಿನ ಒಳಗೆ ಬಿದ್ದ ಮಳೆ ನಿಮ್ಮ ನಿಮ್ಮ ಮಣ್ಣಲ್ಲೇ ಇಂಗಿದ್ರೆ ಕೆಳಗಿನ ಮನೆಗೂ ಕೆರೆಗೂ ಅರ್ಧ ಕಷ್ಟ ಕಡಿಮೆ. ಯಾರ್ಯಾರ ಟೆರೇಸ್ ಪೈಪು ಚೇಂಬರಿಗೆ ಹೋಗತ್ತೆ? ಬೈಯಲ್ಲ, ಕೈ ಎತ್ತಿ,” ಎಂದರು.

ಒಂದು ಕೈಯೂ ಏಳಲಿಲ್ಲ. ಒಬ್ಬರು ಫೋನು ನೋಡಿದರು. ಅಪ್ಪ ತಲೆಯೆತ್ತಿ ಫ್ಯಾನು ನೋಡಿದರು. ಅಲ್ಲಿ ಫ್ಯಾನು ಇರಲಿಲ್ಲ. ನನ್ನ ಬಲಗೈ ಎಡಗೈಯ ಅಡಿಯಲ್ಲಿ ಬೆವರುತ್ತಿತ್ತು.

“ಹಂಗಾದ್ರೆ ನಮ್ಮನೆ ಬಾತ್‌ರೂಮಲ್ಲಿ ಮಾತ್ರ ಬೇರೆ ಮೋಡ ಇರ್ಬೇಕು ಬಿಡಿ,” ಎಂದಳು ನಸೀಮಾ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಷ್ಟೂ ಸಂಗತಿಯಲ್ಲಿ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆ ಇರುವುದು ಆ ನಗುವಿನ ವಿಷಯದಲ್ಲಿ ಮಾತ್ರ.

ಅಂಗಳ ಒಡೆಸುತ್ತೇನೆ ಎಂದು ಅವತ್ತೇ ಅಪ್ಪನಿಗೆ ಹೇಳಿದೆ. “ಅಡಿಪಾಯಕ್ಕೆ ನೀರಿಳಿದ್ರೆ ಮನೆ ಕೂತ್ಕೊಳ್ಳತ್ತೆ,” ಎಂದರು. ಗೋಡೆಯಿಂದ ದೂರ ಮಾಡಿಸೋಣ ಎಂದೆ. “ಹಾವು ಬರತ್ತೆ.” ಬರಲಿ ಎಂದೆ. “ನಿಮ್ಮಮ್ಮ ಆಸೆಪಟ್ಟು ಹಾಕಿಸ್ಕೊಂಡಿದ್ದು ಕಣೇ.” ಆದರೂ ಬಾವಿ ತೋಡುವ ಮುನಿಯಪ್ಪನನ್ನು ಕರೆಸಿದೆ.

ಆಳವಾದ ಗುಂಡಿ ಬೇಕೆಂದು ನಾನು ಎಲ್ಲೋ ಓದಿಕೊಂಡಿದ್ದೆ. ಮುನಿಯಪ್ಪ ಹಾರೆಯಿಂದ ಎರಡು ಕಡೆ ಕುಟ್ಟಿ, ಮಣ್ಣು ಮೂಸಿ, ತಲೆ ಅಲ್ಲಾಡಿಸಿದ. “ಇಲ್ಲಿ ಆಳ ಓಗಂಗಿಲ್ಲಮ್ಮ. ಕೆರೆ ಪಕ್ಕ, ನೀರು ಮೇಲೇ ಐತೆ. ಆಳ ತೋಡಿದ್ರೆ ಕೆಳಗ್ಲಿಂದ ತುಂಬ್ಕೊಂತದೆ. ಅಗ್ಲ ಮಾಡ್ಬೇಕು.” ಗೇಟಿನ ಪಕ್ಕ ಉದ್ದಕ್ಕೆ ಸಿಮೆಂಟು ಒಡೆದು, ಮೊಣಕಾಲುದ್ದದ ತಗ್ಗು ಮಾಡಿ, ಜಲ್ಲಿ ಮರಳು ಮಣ್ಣು ತುಂಬಿ, ನೀರು ಹೀರುವ ಕಾಬಾಳೆ ಹೂಗಿಡ ನೆಡುವುದು, ಟೆರೇಸಿನ ಪೈಪು ಚೇಂಬರು ಬಿಟ್ಟು ಆ ತಗ್ಗಿಗೆ ಬರಬೇಕು. ಹೊಸ ಮಳೆ ಬರುವುದರೊಳಗೆ ಮುಗಿಸಿಕೊಡು ಎಂದು ಅವನ ಬೆನ್ನು ಹತ್ತಿದೆ. ಸಿಮೆಂಟಿನ ಮೇಲೆ ಉಳಿಯ ಮೊದಲ ಏಟು ಬಿದ್ದಾಗ ಅಪ್ಪ ಒಳಗೆ ಹೋಗಿ ರೇಡಿಯೋ ಜೋರು ಮಾಡಿದರು.

ಪೈಪು ಕತ್ತರಿಸುವ ದಿನ ಚೇಂಬರಿನ ಮುಚ್ಚಳ ತೆಗೆಯಬೇಕಾಯಿತು. ಅಪ್ಪ ಹೊರಗೆ ಬಂದರು. “ಮುಚ್ಚಳ ಯಾಕೆ ತೆಗೀತೀಯಪ್ಪ? ಮೇಲಿಂದಾನೆ ಕಟ್ ಮಾಡಿ ಬಿರಡೆ ಹಾಕು. ವಾಸನೆ ಬರತ್ತೆ.”

“ವಾಸ್ನೆ ನಮ್ಗೇನ್ ಹೊಸದಾ ಸಾರ್?” ಎಂದ ಮುನಿಯಪ್ಪ. ಮುಚ್ಚಳದ ಸುತ್ತ ಸಿಮೆಂಟು ಮೆತ್ತಿ ಮುಚ್ಚಿತ್ತು. ಕಿತ್ತು ತೆಗೆದು, ಒಳಗೆ ಇಣುಕಿ, ಶಿಳ್ಳೆ ಹಾಕಿದ. “ಯಾರಮ್ಮ ಈ ಕೆಲ್ಸ ಮಾಡಿದ್ದು? ಬೋ ತಲೆ ಓಡ್ಸವ್ರೆ.”

ನಾನು ಮಂಡಿಯೂರಿ ಬಗ್ಗಿದೆ. ಒಂದು ಕಡೆ ಟೆರೇಸಿನ ಪೈಪು, ಬಾಯಿ ತೆರೆದುಕೊಂಡು. ಇನ್ನೊಂದು ಕಡೆ ನಮ್ಮ ಮನೆಯ ಬಚ್ಚಲು ಕಕ್ಕಸಿನ ಪೈಪು. ಅದರ ಬಾಯಿಗೆ ಬಾಗಿಲಿನಂಥ ಒಂದು ಬಿಲ್ಲೆ. ಮುನಿಯಪ್ಪ ಕೋಲಿನಿಂದ ಎತ್ತಿ ತೋರಿಸಿದ. “ಇದು ವಾಲು. ನಿಮ್ಮನೆ ನೀರು ಆಚೆ ಓಯ್ತದೆ. ಬೀದಿ ಲೈನ್ ತುಂಬಿ ವಾಪಸ್ ಬಂದ್ರೆ ಇದು ಮುಚ್ಕೊಂತದೆ. ನಿಮ್ಮನೆ ಒಳೀಕ್ ಒಂದ್ ತೊಟ್ಟು ಬರಾಕಿಲ್ಲ. ಬೇರೆಯವ್ರ ಮನೇಗ್ ಎಲ್ಲಿಗಾದ್ರೂ ಓಗ್ಲಿ.”

ಅವನು ಮೆಚ್ಚಿಕೊಂಡೇ ಹೇಳಿದ್ದು. ನೀರು ತಿರುಗಿ ಬರಬಹುದೆಂದು ಗೊತ್ತಿಲ್ಲದವರು ಇಂಥದ್ದನ್ನು ಹಾಕುವುದಿಲ್ಲ. ಗೊತ್ತಿದ್ದೂ ಟೆರೇಸಿನ ನೀರನ್ನು ಅದೇ ಗುಂಡಿಗೆ ಬಿಟ್ಟುಕೊಂಡು, ನಮ್ಮ ಬಾಗಿಲನ್ನಷ್ಟೇ ಮುಚ್ಚಿಕೊಂಡದ್ದು. ತಿರುಗಿ ನೋಡಿದೆ. ಅಪ್ಪ ಅಲ್ಲಿರಲಿಲ್ಲ.

ಆ ಬಿಲ್ಲೆ ಹಾಕಿದ್ದು ಯಾವಾಗ? ಅಪ್ಪ ಲುಂಗಿ ಎತ್ತಿ ಕಟ್ಟಿ ಅಲ್ಲಿ ಬಗ್ಗಿ ಕೂತಿದ್ದ ಒಂದು ಚಿತ್ರ ನನ್ನಲ್ಲಿದೆ, ಪೈಪಿಗೆ ಹಚ್ಚುವ ಅಂಟಿನ ವಾಸನೆಯೊಂದಿಗೆ. ಪಕ್ಕದಲ್ಲಿ ಅಮ್ಮ ನಿಂತಿದ್ದಾಳೆ, ಕನ್ನಡಕ ಹಾಕಿದ್ದಾಳೆ. ಅಮ್ಮ ಕನ್ನಡಕ ಹಾಕಿದ್ದು ನಸೀಮಾ ಬಂದ ಮೇಲೆ. ಆದರೆ ಕೊನೆಕೊನೆಗೆ ಕನ್ನಡಕದಲ್ಲೇ ಕಂಡ ಅಮ್ಮನಿಗೆ ನನ್ನ ನೆನಪು ಎಲ್ಲ ಕಾಲದಲ್ಲೂ ಕನ್ನಡಕ ತೊಡಿಸಿಬಿಟ್ಟಿದೆ. ನನ್ನ ಮದುವೆ ಮುರಿದ ವರ್ಷದ ಅಮ್ಮನೂ, ಕ್ವಾರ್ಟರ್ಸಿನ ಅಮ್ಮನೂ ನನಗೆ ಕಾಣುವುದು ಹಾಗೆಯೇ. ಡೈರಿಗಳನ್ನೆಲ್ಲ ಹರವಿಕೊಂಡು ಹುಡುಕಿದೆ. ಸೊಪ್ಪಿನವಳು ಇದ್ದಾಳೆ, ಬಿಲ್ಲೆ ಇಲ್ಲ. ಬಿಲ್ಲೆಯ ಮೇಲೆ ಉಬ್ಬಿದ ಅಕ್ಷರಗಳಿದ್ದವು, ಉಜ್ಜಿ ನೋಡಿದೆ, ತಿಂದುಹೋಗಿದ್ದವು.

ಪೈಪು ಕತ್ತರಿಸಿ ಆಯಿತು. ತಗ್ಗಿನಲ್ಲಿ ಕಾಬಾಳೆ ಚಿಗುರಿದೆ. ಮೊದಲ ಮಳೆಗೆ ನಸೀಮಾಳ ಬಚ್ಚಲಿನಲ್ಲಿ ನೀರು ಜಾಲರಿಯವರೆಗೆ ಬಂದು ನಿಂತಿತಂತೆ, ಉಕ್ಕಲಿಲ್ಲ. “ನಿಮ್ಮದೊಂದೇ ಮನೆ ಅಕ್ಕಾ, ಮಿಕ್ಕಿದ್ದು ಐದಿದೆ,” ಎಂದಳು. ಅಮ್ಮೀಯ ಮಂಚವನ್ನು ಇಟ್ಟಿಗೆಗಳ ಮೇಲೆ ಏರಿಸಿದ್ದಾರೆ. ಮೆಣಸಿನಕಾಯಿಯ ವಿಷಯ ಅವಳಿಗೆ ಹೇಳಿದೆ. ಅವಳು “ಮಂಚದ ಕೆಳಗೆ ಗುಡಿಸ್ಬೇಕಾದ್ರೆ ಸಿಕ್ತು,” ಎಂದಳು. ಅಷ್ಟೇ. ಬಿಲ್ಲೆಯ ವಿಷಯ ಹೇಳಿಲ್ಲ. ಹೇಳುವ ಮುಂಚೆ ನನಗೆ ಗೊತ್ತಿರಬೇಕಾದ್ದು ಒಂದಿದೆ, ಅದನ್ನು ಹೇಳಬಲ್ಲವರು ಒಬ್ಬರೇ ಉಳಿದಿದ್ದಾರೆ.

ಚೇಂಬರು ತೆರೆದ ಸಂಜೆಯೇ ಅಪ್ಪನ ಎದುರು ಕೂತು ಕೇಳಿದೆ. ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಪೇಪರನ್ನು ಮಡಿಸಿದರು, ಬಿಡಿಸಿದರು, ಕಾಫಿ ಆಯಿತಾ ಎಂದರು. ಕಾಫಿ ಕೊಟ್ಟು ಮತ್ತೆ ಕೇಳಿದೆ. ಎದ್ದು ಹೋಗಿ ಮಲಗಿದರು. ಅದಾಗಿ ಮೂರು ಮಳೆ ಬಂದು ಹೋಗಿವೆ. ಉತ್ತರದ ಆಸೆಗಿಂತ ಈಗ ಅದರ ಭಯವೇ ನನಗೆ ಹೆಚ್ಚು, ಆದರೂ ಕೇಳಿದ್ದನ್ನು ವಾಪಸು ತೆಗೆದುಕೊಂಡಿಲ್ಲ:

“ಅಪ್ಪ, ಆ ವಾಲ್ ನೀವು ಹಾಕಿದಾಗ ಕೆಳಗಡೆ ಇನ್ನೂ ಖಾಲಿ ಸೈಟಿತ್ತಾ, ಇಲ್ಲಾ ನಸೀಮಾ ಮನೆಯವರು ಬಂದಾಗಿತ್ತಾ?”